ಕಡಲಿನ ಪಾಚಿ ಮತ್ತು ಕರಾವಳಿಯ ಬದುಕು



ನಮ್ಮ ದುರ್ಗದಬೈಲಿನಿಂದ ಸಮುದ್ರ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಕಡಲಿನ ಪಾಚಿಯ ಮಾತು ನಮಗೇಕೆ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರವನ್ನು ಕೊನೆಯಲ್ಲಿ ಹೇಳುತ್ತೇನೆ.

2020ರ ನವೆಂಬರ್‌ನಲ್ಲಿ ಉಡುಪಿ, ಮಂಗಳೂರು, ಕಾರವಾರದ ಕಡೆ ರಾತ್ರಿ ಹೊತ್ತು ಅಲೆಗಳು ನೀಲಿಯಾಗಿ ಹೊಳೆದವು. ನೋಡಲು ಜನ ಸೇರಿದರು. ಆ ಬೆಳಕು ನಾಕ್ಟಿಲೂಕ ಎಂಬ ಸೂಕ್ಷ್ಮಜೀವಿಯದು. ಅದು ಮನುಷ್ಯನಿಗೆ ವಿಷವಲ್ಲ. ಆದರೆ ಅತಿಯಾಗಿ ಬೆಳೆದು ಸತ್ತು ಕೊಳೆತರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಮೀನು ಆ ಜಾಗ ಬಿಟ್ಟು ಹೋಗುತ್ತದೆ, ಇಲ್ಲವೇ ಸಾಯುತ್ತದೆ. ಡೀಸೆಲ್ ಸುಟ್ಟು ಹೋದ ದೋಣಿ ಬರಿದಾಗಿ ಮರಳುತ್ತದೆ.

ಇನ್ನು ಕೆಲವು ಪಾಚಿಗಳು ನಿಜವಾಗಿಯೂ ವಿಷಕಾರಿ. 1983ರಲ್ಲಿ ಕಾಸರಗೋಡಿನ ಕುಂಬಳೆಯಲ್ಲಿ ಹೊಳೆಯ ಚಿಪ್ಪುಮೀನು ತಿಂದು ಹಲವರು ಆಸ್ಪತ್ರೆ ಸೇರಿದರು. ಒಬ್ಬ ಹುಡುಗ ತೀರಿಕೊಂಡ. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ವಿಜ್ಞಾನಿಗಳು ಅದನ್ನು ಪರೀಕ್ಷಿಸಿ, ಪಾಚಿಯ ವಿಷವೆಂದು ವರದಿ ಮಾಡಿದರು. ಚಿಪ್ಪುಮೀನು ನೀರನ್ನು ಸೋಸಿ ಆಹಾರ ಪಡೆಯುತ್ತದೆ. ಪಾಚಿಯ ವಿಷ ಅದರ ಮೈಯಲ್ಲಿ ಶೇಖರವಾಗುತ್ತದೆ. ಬೇಯಿಸಿದರೂ ಆ ವಿಷ ಹೋಗದು, ರುಚಿ ವಾಸನೆಯಿಂದ ಗೊತ್ತಾಗದು. ಮೊದಲು ತುಟಿ, ನಾಲಿಗೆ ಜೋಮು ಹಿಡಿಯುತ್ತವೆ. ವಿಷ ಹೆಚ್ಚಾದರೆ ಉಸಿರೇ ನಿಲ್ಲುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ಬೇಗ ಆಸ್ಪತ್ರೆಗೆ ಸೇರಿಸಿ ಕೃತಕ ಉಸಿರಾಟ ಕೊಟ್ಟರೆ ಜೀವ ಉಳಿಯಬಹುದು.

ಇಂಥ ಸುದ್ದಿ ಹಬ್ಬಿದರೆ ಒಳ್ಳೆಯ ಮೀನನ್ನೂ ಯಾರೂ ಕೊಳ್ಳುವುದಿಲ್ಲ. ನೀರು ಇಳಿದಾಗ ಚಿಪ್ಪು ಆರಿಸಿ, ಅಂದೇ ಮಾರಿ, ಅಂದೇ ಅಕ್ಕಿ ಕೊಳ್ಳುವ ಹೆಣ್ಣುಮಕ್ಕಳ ಗತಿಯೇನು? ಅವರಿಗೆ ಬೇಕಾದದ್ದು ಅನುಕಂಪವಲ್ಲ, ಸಕಾಲದ ಮಾಹಿತಿ. ಯಾವ ಹೊಳೆಯ ಚಿಪ್ಪು ಎಷ್ಟು ದಿನ ಬೇಡ ಎಂದು ಖಚಿತವಾಗಿ ತಿಳಿದರೆ ಉಳಿದ ವ್ಯಾಪಾರ ನಿಲ್ಲುವುದಿಲ್ಲ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹದ ನೆರವಿನಿಂದ ಕಡಲಿನ ಪಾಚಿಯ ಮಾಹಿತಿ ಕೊಡುತ್ತಿದೆ. ಆದರೆ ಚಿಪ್ಪಿನೊಳಗಿನ ವಿಷ ಉಪಗ್ರಹಕ್ಕೆ ಕಾಣದು. ಅದಕ್ಕೆ ಪ್ರಯೋಗಾಲಯ ಬೇಕು, ಓದಿದ ಕೈಗಳು ಬೇಕು.

ಈಗ ಉತ್ತರ ಹೇಳುತ್ತೇನೆ. ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಹುಟ್ಟುವ ಬೇಡ್ತಿಯೇ ಗಂಗಾವಳಿಯಾಗಿ ಅಂಕೋಲಾದ ಬಳಿ ಕಡಲು ಸೇರುತ್ತದೆ. ಚರಂಡಿಯ ಕೊಳಕು, ಹೊಲದ ಹೆಚ್ಚುವರಿ ಗೊಬ್ಬರ ನೀರಿಗೆ ಸೇರಿದರೆ ಪಾಚಿಗೆ ಅದೇ ಆಹಾರ. ಎಲ್ಲ ಪಾಚಿಗೂ ನಾವೇ ಕಾರಣರಲ್ಲ, ಗಾಳಿ ಮತ್ತು ಕಡಲ ಪ್ರವಾಹಗಳ ಪಾತ್ರವೂ ಇದೆ. ಆದರೆ ನಮ್ಮ ಪಾಲನ್ನು ತಗ್ಗಿಸುವುದು ನಮ್ಮ ಕೈಯಲ್ಲೇ ಇದೆ.

ವಿದ್ಯಾರ್ಥಿಗಳೇ, ದೇಶದ ಮೊದಲ ಮೀನುಗಾರಿಕೆ ಕಾಲೇಜು 1969ರಲ್ಲಿ ಮಂಗಳೂರಿನಲ್ಲಿ ಆರಂಭವಾಯಿತು. ವೈದ್ಯ, ಇಂಜಿನಿಯರ್ ಎಂಬ ಎರಡೇ ದಾರಿಗಳಿವೆ ಎಂದುಕೊಳ್ಳಬೇಡಿ. ಕಡಲನ್ನು ಓದುವುದೂ ಜೀವ ಉಳಿಸುವ ವಿದ್ಯೆಯೇ.