ರೋಮನ್ ರಂಗಭೂಮಿಯಲ್ಲಿ ನಮ್ಮ ಮಾತು



ತಿರುವನಂತಪುರದ ಪಟ್ಟಂ ನಮಗೆಲ್ಲ ಗೊತ್ತು. ಅದಕ್ಕೊಂದು ಅಕ್ಷರ ಸೇರಿಸಿದರೆ ಪಟ್ಟಣಂ, ಕೊಚ್ಚಿಯ ಉತ್ತರಕ್ಕೆ ಪರವೂರಿನ ಬಳಿಯ ಹಳ್ಳಿ. ಕೇರಳ ಇತಿಹಾಸ ಸಂಶೋಧನಾ ಮಂಡಳಿ 2007ರಲ್ಲಿ ಅಲ್ಲಿ ಅಗೆಯಲು ಶುರುಮಾಡಿತು. ರೋಮನ್ ಸಾಮ್ರಾಜ್ಯದಿಂದ ಬಂದ ಆಂಫೊರಾ ಜಾಡಿಗಳ ಚೂರುಗಳು, ಗಾಜಿನ ಮಣಿಗಳು, ಕಾಳುಮೆಣಸು, ಸುಮಾರು 6 ಮೀಟರ್ ಉದ್ದದ ಮರದ ದೋಣಿ ಸಿಕ್ಕವು. ಪ್ರಾಚೀನ ಮುಜಿರಿಸ್ ಬಂದರು ಇದೇ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ.

ಈ ಕರಾವಳಿಯ ಮೆಣಸು ಹಡಗೇರಿ ಕೆಂಪು ಸಮುದ್ರ ದಾಟಿ, ಮುಂದೆ ಒಂಟೆಗಳ ಮೇಲೆ ನೈಲ್ ನದಿಯ ದಡಕ್ಕೆ ಹೋಗುತ್ತಿತ್ತು. ಆಗ ರೋಮನ್ನರ ಆಳ್ವಿಕೆಯಲ್ಲಿದ್ದ ಆ ಈಜಿಪ್ಟಿನಲ್ಲಿ ಆಕ್ಸಿರಿಂಕಸ್ ಎಂಬ ಊರಿತ್ತು. 1922ರಲ್ಲಿ ಫ್ಲಿಂಡರ್ಸ್ ಪೆಟ್ರಿ ಅಲ್ಲಿ ಸುಮಾರು 11,000 ಜನ ಕೂರಬಹುದಾದ ರಂಗಮಂದಿರದ ಅವಶೇಷ ಅಗೆದು ತೆಗೆದರು. ಅದರ ಕಲ್ಲುಗಳನ್ನು ಜನ ಎಂದೋ ಕಿತ್ತು ಒಯ್ದಿದ್ದರು. ಆದರೆ ಅದಕ್ಕೂ ಮೊದಲೇ, 1896ರಿಂದ, ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಆ ಊರಿನ ಕಸದ ದಿಬ್ಬಗಳನ್ನು ಕೆದಕಿ ಪಪೈರಸ್ ಹಾಳೆಗಳನ್ನು ಹೊರತೆಗೆದಿದ್ದರು. ಅವುಗಳಲ್ಲೊಂದು ಗ್ರೀಕ್ ಪ್ರಹಸನ, 1903ರಲ್ಲಿ ಅಚ್ಚಾಯಿತು. ತಮಟೆ ಬಾರಿಸಬೇಕಾದ ಕಡೆಗಳಿಗೂ ಅದರಲ್ಲಿ ಗುರುತುಗಳಿವೆ. ನಟರೇ ಬಳಸುತ್ತಿದ್ದ ಪ್ರತಿಯಂತಿದೆ.

ಕಥೆಯ ನಾಯಕಿ ಕಾರಿಟಿಯಾನ್. ಭಾರತದ ಕಡಲತೀರದ ರಾಜನ ಸೆರೆಯಲ್ಲಿರುವ ಗ್ರೀಕ್ ಹೆಣ್ಣು. ಅಣ್ಣ ಮತ್ತು ಸಂಗಡಿಗರು ರಾಜನಿಗೆ ಮದ್ಯ ಕುಡಿಸಿ ಅವಳನ್ನು ಬಿಡಿಸುತ್ತಾರೆ. ಹೊರಡುವಾಗ ದೇವಿಯ ಕಾಣಿಕೆಗಳನ್ನೂ ದೋಚೋಣ ಎಂದು ವಿದೂಷಕ ಹೇಳಿದರೆ, ಅವಳು ಒಪ್ಪುವುದಿಲ್ಲ. ಪ್ರಾಣಭಯದಲ್ಲೂ ಅವಳಿಗೆ ಅಷ್ಟು ವಿವೇಕವಿದೆ!

ರಾಜ ಮತ್ತವನ ಜನ ಹೆಚ್ಚಾಗಿ ಆಡುವುದು ಗ್ರೀಕ್ ಅಲ್ಲ. 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಜ್, ಅದು ಕನ್ನಡ ಎಂದರು. ಕೊಂಚ, ಮಧು, ಪಾತ್ರೆಯಂಥ ಪದಗಳನ್ನು ಅದರಲ್ಲಿ ಗುರುತಿಸಿದರು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳೂ ಇದನ್ನು ಬೆಂಬಲಿಸಿದರು. ಇಂದು ಕೇರಳದಲ್ಲಿರುವ ಮಂಜೇಶ್ವರದ ಗೋವಿಂದ ಪೈಗಳು ಕಥೆ ನಡೆದದ್ದು ಉದ್ಯಾವರದಲ್ಲಿ ಎಂದರೆ, ಸಾಲೆತೊರೆಯವರು ಮಲ್ಪೆಯ ಹತ್ತಿರದ ವಡಭಾಂಡೇಶ್ವರ ಎಂದರು. ಬಾರ್ನೆಟ್ ಅವರು ಇದು ಕನ್ನಡವೇ ಅಲ್ಲ ಎಂದು 1926ರಲ್ಲಿ ಬರೆದರು. ವಾದ ಇನ್ನೂ ಮುಗಿದಿಲ್ಲ. ಹಾಗಾಗಿ “ಎರಡು ಸಾವಿರ ವರ್ಷದ ಹಿಂದೆ ರೋಮನ್ನರು ಕನ್ನಡ ನಾಟಕವಾಡಿದರು” ಎಂಬ ವಾಟ್ಸಾಪ್ ಸಂದೇಶ ಬಂದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ನನ್ನನ್ನು ಕಾಡುವುದು ಬೇರೆ ಮಾತು. ಆ ಪ್ರೇಕ್ಷಕರಿಗೆ ರಾಜನ ನುಡಿ ಬರೀ ನಗಿಸುವ ಸದ್ದು. ಅವರು ನಕ್ಕು ಮನೆಗೆ ಹೋದರು. ಅದು ಯಾರದೋ ತಾಯಿನುಡಿ ಎಂದು ತಿಳಿಯಲು ಆ ಭಾಷೆ ಬಲ್ಲವರೇ ಬೇಕು. ಕನ್ನಡ ಉಳಿದುಬಂದಿರುವುದರಿಂದಲೇ ಹುಲ್ಟ್ಜ್ ಅವರಿಗೆ ಹಾಗೆ ಊಹಿಸುವುದಾದರೂ ಸಾಧ್ಯವಾಯಿತು. ಕಲ್ಲಿನ ರಂಗಮಂದಿರ ಅದನ್ನು ಉಳಿಸಲಿಲ್ಲ. ಅಡುಗೆಮನೆಯಲ್ಲಿ “ಕೊಂಚ ಮಜ್ಜಿಗೆ ಹಾಕು” ಎಂದವರು ಉಳಿಸಿದರು.

ಇಲ್ಲಿ ನಮ್ಮ ಮಕ್ಕಳು ಶಾಲೆಯಲ್ಲಿ ಮಲಯಾಳ, ಇಂಗ್ಲಿಷ್ ಕಲಿಯುತ್ತಾರೆ. ಕಲಿಯಲಿ, ಅದು ಅನ್ನದ ಭಾಷೆ, ನೆರೆಹೊರೆಯ ಭಾಷೆ. ಆದರೆ ಅಜ್ಜಿ ಫೋನಿನಲ್ಲಿ ಮಾತಾಡಿದಾಗ ಅವರು ಆ ರಂಗಮಂದಿರದ ಪ್ರೇಕ್ಷಕರಂತೆ ಕೂರಬಾರದು. ಊಟದ ಹೊತ್ತಿಗಾದರೂ ಮನೆಯಲ್ಲಿ ಕನ್ನಡ ಆಡೋಣ.