ರಕ್ತಪರೀಕ್ಷೆ ಹೇಳದ ಮಾತು

ಊರಿನಿಂದ ಬಂದಿರುವ ನಿಮ್ಮ ತಂದೆಗೆ ಜ್ವರ, ಮೂತ್ರದ ಸೋಂಕು ಎಂದಿಟ್ಟುಕೊಳ್ಳಿ. ರಾತ್ರಿ ಹೊತ್ತಿಗೆ ಅವರು ನಿಮ್ಮನ್ನೇ ಗುರುತಿಸದೆ ಏನೇನೋ ಮಾತಾಡತೊಡಗುತ್ತಾರೆ. ‘ಜ್ವರ ತಲೆಗೇರಿದೆ, ಬೆಳಿಗ್ಗೆ ನೋಡೋಣ’ ಎನ್ನುತ್ತೀರಾ? ದಯವಿಟ್ಟು ಕಾಯಬೇಡಿ. ಅದು ಸೆಪ್ಸಿಸ್ ಆಗಿರಬಹುದು.

ಸೋಂಕಿನ ವಿರುದ್ಧ ದೇಹ ಹೂಡುವ ಹೋರಾಟ ಹದ ತಪ್ಪಿ, ತನ್ನದೇ ಅಂಗಗಳಿಗೆ ಹಾನಿ ಮಾಡುವುದೇ ಸೆಪ್ಸಿಸ್. ಒಂದು ಅಂದಾಜಿನಂತೆ 2017ರಲ್ಲಿ ಜಗತ್ತಿನಲ್ಲಿ ಸುಮಾರು 4.9 ಕೋಟಿ ಜನರಿಗೆ ಇದು ಬಂತು, 1.1 ಕೋಟಿ ಜನ ತೀರಿಕೊಂಡರು. ಮೂತ್ರಪಿಂಡ, ಶ್ವಾಸಕೋಶಗಳಂತೆ ಮಿದುಳಿಗೂ ಪೆಟ್ಟು ಬೀಳುತ್ತದೆ. ಅದಕ್ಕೆ ರೋಗಾಣು ಮಿದುಳಿನವರೆಗೆ ಹೋಗಬೇಕೆಂದಿಲ್ಲ. ರಕ್ತದಲ್ಲಿ ಹರಿಯುವ ಉರಿಯೂತದ ರಾಸಾಯನಿಕಗಳೇ ಮಿದುಳಿನ ರಕ್ತನಾಳಗಳ ಕಾವಲನ್ನು ಸಡಿಲಿಸುತ್ತವೆ. ಆಗ ಎಚ್ಚರ, ಗಮನ ಎರಡೂ ಮಸುಕಾಗುತ್ತವೆ.

ಆಸ್ಪತ್ರೆಯಲ್ಲಿ ರಕ್ತ ತೆಗೆದು ಏನು ನೋಡುತ್ತಾರೆ? ಮೊದಲನೆಯದು ಸಿ.ಆರ್.ಪಿ. ಯಕೃತ್ತು ತಯಾರಿಸುವ ಈ ಪ್ರೋಟೀನನ್ನು 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಗುರುತಿಸಿದರು. ಉರಿಯೂತ ಯಾವುದೇ ಇರಲಿ, ಇದು ಏರುತ್ತದೆ. ಶಸ್ತ್ರಚಿಕಿತ್ಸೆಯಾದ ಮೇಲೂ ಏರುತ್ತದೆ. ಎರಡನೆಯದು ಪ್ರೋಕ್ಯಾಲ್ಸಿಟೋನಿನ್. ಇದು ಬ್ಯಾಕ್ಟೀರಿಯಾ ಸೋಂಕಿನಲ್ಲಿ ಹೆಚ್ಚು ಏರುತ್ತದೆ. ಇಳಿಯತೊಡಗಿದರೆ ಆಂಟಿಬಯೋಟಿಕ್ ನಿಲ್ಲಿಸುವ ತೀರ್ಮಾನಕ್ಕೆ ನೆರವಾಗುತ್ತದೆ. ಮೂರನೆಯದು ಲ್ಯಾಕ್ಟೇಟ್. 2 ಮಿಲಿಮೋಲ್ ದಾಟಿದರೆ ವೈದ್ಯರು ಎಚ್ಚರಗೊಳ್ಳುತ್ತಾರೆ.

ಮಿದುಳಿಗೆ ಆದ ಪೆಟ್ಟನ್ನು ಅಳೆಯಲು ಎಸ್-100-ಬಿ, ಎನ್.ಎಸ್.ಇ. ಎಂಬ ಪ್ರೋಟೀನುಗಳಿವೆ. ಮಿದುಳಿನ ಜೀವಕೋಶಗಳು ಗಾಸಿಗೊಂಡಾಗ ಇವು ರಕ್ತಕ್ಕೆ ಸೋರುತ್ತವೆ. ಆದರೆ ಎಸ್-100-ಬಿ ಕೊಬ್ಬಿನಲ್ಲೂ ಇದೆ, ಎನ್.ಎಸ್.ಇ. ಕೆಂಪು ರಕ್ತಕಣಗಳಲ್ಲೂ ಇದೆ. ತೆಗೆದ ರಕ್ತದಲ್ಲಿ ಕಣಗಳು ಒಡೆದರೆ ಸಾಕು, ಅಂಕಿ ಏರಿಬಿಡುತ್ತದೆ. ಹಾಗಾಗಿ ಸೆಪ್ಸಿಸ್‌ನಲ್ಲಿ ಮಿದುಳಿನ ಸ್ಥಿತಿಯನ್ನು ಖಚಿತವಾಗಿ ಹೇಳಬಲ್ಲ ಒಂದೇ ರಕ್ತಪರೀಕ್ಷೆ ಇನ್ನೂ ಇಲ್ಲ.

ಹಾಗಾದರೆ ವೈದ್ಯರು ತಿಳಿಯುವುದು ಹೇಗೆ? ರೋಗಿಯನ್ನು ಮಾತಾಡಿಸಿ! ಇಲ್ಲಿಯೇ ಹೊರನಾಡಿನ ಕನ್ನಡಿಗರಾದ ನಾವು ಮುಂದೆ ಬರಬೇಕು. ಮುಂಬಯಿಯಲ್ಲೋ ದೆಹಲಿಯಲ್ಲೋ ಕನ್ನಡವೊಂದನ್ನೇ ಬಲ್ಲ ಹಿರಿಯರು ತಡವರಿಸಿದರೆ, ‘ಭಾಷೆ ಬಾರದು ಪಾಪ’ ಎಂದು ನರ್ಸಮ್ಮ ಸುಮ್ಮನಾಗಬಹುದು. ಅದು ಭಾಷೆಯ ತೊಡಕೋ ಮಿದುಳಿನ ತೊಡಕೋ ಎಂದು ಹೇಳಬಲ್ಲವರು ನೀವು. ಇದು ಯಾವ ಊರು, ಈಗ ಹಗಲೋ ರಾತ್ರಿಯೋ ಎಂದು ಕನ್ನಡದಲ್ಲೇ ಕೇಳಿ. ವಾರಗಳ ಹೆಸರನ್ನು ಶನಿವಾರದಿಂದ ಹಿಂದಕ್ಕೆ ಹೇಳಿಸಿ. ‘ನಿನ್ನೆ ಸಂಜೆಯವರೆಗೆ ಸರಿಯಾಗಿದ್ದರು, ಇದು ಅವರ ಮಾತಿನ ರೀತಿಯಲ್ಲ’ ಎಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಿ.

ಸಕ್ಕರೆ ಅಂಶ ಅಥವಾ ಸೋಡಿಯಂ ಇಳಿದರೂ ಹೀಗಾಗಬಹುದು. ಅದನ್ನು ವೈದ್ಯರು ನೋಡಿಕೊಳ್ಳುತ್ತಾರೆ. ವಯಸ್ಸಾದವರಲ್ಲಿ ಜ್ವರ ಕಾಣಿಸದೆಯೂ ಇರಬಹುದು. ಸೋಂಕಿನ ಜೊತೆ ಗೊಂದಲದ ಮಾತು, ಏದುಸಿರು, ಕಡಿಮೆಯಾದ ಮೂತ್ರ, ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.