ಕಾಲ್ನಡಿಗೆಯ ಕಾಡು

(ಗಾಜನೂರಿನಲ್ಲಿ ವಿದ್ಯಾರ್ಥಿಗಳ ಎದುರು ಮಾಡಿದ ಭಾಷಣದ ಬರಹರೂಪ)



ಗಾಜನೂರಿನವರು ಎಂದೊಡನೆ ದೂರದ ಊರಿನ ಜನ ‘ರಾಜ್‌ಕುಮಾರ್ ಅವರ ಊರೇ?’ ಎಂದು ಕೇಳುತ್ತಾರೆ. ಅಲ್ಲ. ನಿಮ್ಮದು ತುಂಗೆಯ ಅಣೆಕಟ್ಟಿನ ಗಾಜನೂರು. ಅವರದು ಚಾಮರಾಜನಗರದಾಚೆ, ತಮಿಳುನಾಡಿಗೆ ಸೇರಿದ ತಾಳವಾಡಿ ಸೀಮೆಯ ದೊಡ್ಡಗಾಜನೂರು. ಹೆಸರಿನ ಈ ಗೊಂದಲವನ್ನೇ ನೆಪ ಮಾಡಿಕೊಂಡು ಇವತ್ತು ನಿಮ್ಮನ್ನು ಆ ಕಡೆಯ ಕಾಡಿಗೆ ಕರೆದೊಯ್ಯುತ್ತೇನೆ. ಅಲ್ಲಿನ ಬೆಟ್ಟಗಳಲ್ಲೂ ಬಿಳಿಗಿರಿರಂಗನ ಬೆಟ್ಟದಲ್ಲೂ ಸೋಲಿಗರು ಬಾಳುತ್ತಾ ಬಂದಿದ್ದಾರೆ.

ನಾವು ಕಾಡು ನೋಡುವ ರೀತಿ ಗೊತ್ತೇ ಇದೆ. ಸಕ್ರೆಬೈಲಿನಲ್ಲಿ ಆನೆಯ ಸ್ನಾನ ನೋಡಿ ಬರುತ್ತೇವೆ. ಬಿಳಿಗಿರಿಯಲ್ಲಾದರೆ ಜೀಪು ಹತ್ತುತ್ತೇವೆ. ಹುಲಿ ಕಂಡರೆ ಪುಣ್ಯ, ಕಾಣದಿದ್ದರೆ ದುಡ್ಡು ದಂಡ! ಸೋಲಿಗ ಹಿರಿಯರೊಬ್ಬರ ಹಿಂದೆ ಕಾಲ್ನಡಿಗೆಯಲ್ಲಿ ಹೋದರೆ ಕಾಣುವ ಕಾಡೇ ಬೇರೆ. ಅವರ ಕಾಡು ‘ಎಲ್ಲೆ’ಗಳಾಗಿ ಹಂಚಿಕೊಂಡಿದೆ, ಒಂದೊಂದು ಎಲ್ಲೆ ಒಂದೊಂದು ಕುಲಕ್ಕೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ನೀರಿನ ಅಬ್ಬಿ, ಹಿರಿಯರನ್ನು ಮಣ್ಣು ಮಾಡಿದ ಕಲ್ಲುಗುಡಿ. ನಮಗೆ ಬರಿಯ ಬಂಡೆಯಾಗಿ ಕಂಡದ್ದು ಅವರಿಗೆ ಅಜ್ಜನ ನೆಲೆ. ಭಾರ್ಗವಿ ಹೊಳೆಯ ಬಳಿಯ ದೊಡ್ಡಸಂಪಿಗೆ ಮರ ಅವರ ಪಾಲಿಗೆ ದೇವರೇ. ಬೆಟ್ಟದ ರಂಗನಾಥನೋ, ಸೋಲಿಗರ ಹೆಣ್ಣು ಕುಸುಮಾಲೆಯನ್ನು ಕೈಹಿಡಿದ ಭಾವ! ಅವನಿಗೆ ದೊಡ್ಡ ಚರ್ಮದ ಪಾದುಕೆ ಅರ್ಪಿಸುವ ಪದ್ಧತಿಯಿದೆ. ಕಾಡು ಸುತ್ತಿ ಹಳೆಯ ಜೋಡು ಸವೆದಿರುತ್ತದೆ ಎಂಬ ನಂಬಿಕೆ. ದೇವರೂ ಅಲ್ಲಿ ನಡೆದೇ ತಿರುಗುವವನು.

1974ರಲ್ಲಿ ಅಭಯಾರಣ್ಯವಾಯಿತು. ಕುಮರಿ ಬೇಸಾಯ ನಿಂತಿತು, ಒಳಗಾಡಿನ ಪೋಡುಗಳನ್ನು ಎಬ್ಬಿಸಿ ಒಂದೆಡೆ ನೆಲೆಗೊಳಿಸಿದರು. ಶರಾವತಿ ಮುಳುಗಡೆಯಿಂದ ಎದ್ದು ಬಂದು ಇಲ್ಲಿನ ಶೆಟ್ಟಿಹಳ್ಳಿ ಕಾಡಿನಲ್ಲಿ ಬದುಕು ಕಟ್ಟಿದವರ ಮಕ್ಕಳು ನಿಮ್ಮಲ್ಲಿದ್ದರೆ, ‘ಎಬ್ಬಿಸುವುದು’ ಎಂದರೇನೆಂದು ನಾನು ವಿವರಿಸಬೇಕಿಲ್ಲ.

ಇನ್ನೊಂದು ನಷ್ಟ ಹೊರಗಿನವರಿಗೆ ಬೇಗ ತಿಳಿಯದು. ಸೋಲಿಗರು ಬೇಸಗೆಯ ಆರಂಭದಲ್ಲೇ ‘ತರಗು ಬೆಂಕಿ’ ಇಡುತ್ತಿದ್ದರು. ಅದು ನೆಲದ ತರಗೆಲೆಯನ್ನಷ್ಟೇ ಸುಟ್ಟು ಆರುವ ಸಣ್ಣ ಬೆಂಕಿ. ಹೊಸ ಹುಲ್ಲು ಚಿಗುರುತ್ತಿತ್ತು, ಲಂಟಾನ ತಲೆಯೆತ್ತುತ್ತಿರಲಿಲ್ಲ, ನೆಲ್ಲಿಮರವನ್ನು ಹೀರುವ ಬಂದಳಿಕೆ (ಅವರ ಮಾತಿನಲ್ಲಿ ಉಪ್ಪಿಲು) ಹತೋಟಿಯಲ್ಲಿರುತ್ತಿತ್ತು ಎನ್ನುತ್ತಾರೆ ಹಿರಿಯರು. ಬೆಂಕಿ ಅಪರಾಧವಾಯಿತು. ಲಂಟಾನ ಹಬ್ಬಿತು. ಅದಕ್ಕೆ ಬೆಂಕಿಯ ನಿಷೇಧವೊಂದೇ ಕಾರಣವೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ನಡೆದಿದೆ. ಹಿರಿಯರ ಮಾತನ್ನು ಅವರು ಕಿವಿಗೊಟ್ಟು ಕೇಳಿದ್ದು ಮಾತ್ರ ತಡವಾಗಿ ಎಂದು ನನ್ನ ಅನಿಸಿಕೆ. ಲಂಟಾನ ಹೊಕ್ಕಲ್ಲಿ ಕಾಲುದಾರಿ ಮುಚ್ಚುತ್ತದೆ. ದಾರಿ ಮುಚ್ಚಿದರೆ ಅಬ್ಬಿಗೆ ಹೋಗುವವರಿಲ್ಲ, ಹೋಗುವವರಿಲ್ಲದಿದ್ದರೆ ಅದರ ಹೆಸರನ್ನು ಮೊಮ್ಮಗನಿಗೆ ಹೇಳುವ ಸಂದರ್ಭವೇ ಬಾರದು.

ಹಾಗಾಗಿಯೇ ಸೋಲಿಗರು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರೊಡನೆ ಸೇರಿ 400ಕ್ಕೂ ಹೆಚ್ಚು ನೆಲೆಗಳನ್ನು ಗುರುತಿಸಿ ನಕಾಶೆಗೆ ಏರಿಸಿದರು. 2011ರ ಜನವರಿಯಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯಿದೆಯಡಿ ಹಲವು ಪೋಡುಗಳಿಗೆ ಸಾಮುದಾಯಿಕ ಹಕ್ಕು ದೊರೆಯಿತು. ಜೇನು, ನೆಲ್ಲಿ ಸಂಗ್ರಹಿಸುವುದರ ಜೊತೆಗೆ ದೇವರ ನೆಲೆಗೆ ಹೋಗಿ ಬರುವುದೂ ಹಕ್ಕಿನ ಮಾತಾಯಿತು.

ಆಸ್ಟ್ರೇಲಿಯದ ಉಲೂರು ಎಂಬ ಕೆಂಪು ಬಂಡೆಯ ಸುದ್ದಿ ಕೇಳಿರಬಹುದು. 1985ರಲ್ಲಿ ಸರ್ಕಾರ ಆ ನೆಲವನ್ನು ಅನಂಗು ಮೂಲನಿವಾಸಿಗಳಿಗೆ ಮರಳಿಸಿತು. ಅವರು ಅದನ್ನು ರಾಷ್ಟ್ರೀಯ ಉದ್ಯಾನಕ್ಕಾಗಿ 99 ವರ್ಷ ಗುತ್ತಿಗೆ ಕೊಟ್ಟರು. ಆಡಳಿತ ಮಂಡಳಿಯಲ್ಲಿ ಅವರದೇ ಬಹುಮತ. 2019ರಲ್ಲಿ ಬಂಡೆ ಹತ್ತುವುದು ನಿಂತಿತು. ಬುಡದ ಸುತ್ತ ನಡೆದು ಕತೆ ಕೇಳುವುದು ಮುಂದುವರಿಯಿತು. ನಮ್ಮಲ್ಲಿ ಸೋಲಿಗರನ್ನು ಕಾವಲುಗಾರರನ್ನಾಗಿ ನೇಮಿಸುವುದು ಹೊಸತಲ್ಲ. ಆದರೆ ದಾರಿ ತೋರಿಸಲು ಕೂಲಿಗೆ ಕರೆಯುವುದು ಬೇರೆ, ಯಾವ ದಾರಿ ತೋರಿಸಬೇಕೆಂದು ಅವರೇ ತೀರ್ಮಾನಿಸುವುದು ಬೇರೆ.

ನೀವು ಬೆಟ್ಟಕ್ಕೆ ಹೋದರೆ ಅನುಮತಿ ಪಡೆದು, ಸೋಲಿಗರ ಜೊತೆಯಲ್ಲೇ ನಡೆಯಿರಿ. ಮಾತು ಕಡಿಮೆಯಿರಲಿ, ಅದು ಆನೆ, ಕರಡಿಗಳ ಕಾಡು. ಯಾವುದಾದರೂ ಕಲ್ಲಿನ ಮುಂದೆ ಅಜ್ಜ ಸುಮ್ಮನೆ ನಿಂತು ಏನೂ ಹೇಳದೆ ಮುಂದೆ ಹೋದರೆ, ನೀವೂ ಕ್ಯಾಮೆರಾ ತೆಗೆಯದೆ ಅವರ ಹಿಂದೆ ಹೆಜ್ಜೆ ಹಾಕಿ.